ಆಡಿಷನ್‌ಗೆ ಚೆಲ್ಲೋ ಜೊತೆ ವಿಮಾನ ಪ್ರಯಾಣ: ಸೀಟು ಕೊಳ್ಳಬೇಕೇ, ಲಗೇಜಿಗೆ ಹಾಕಬಹುದೇ?

ಚೆಲ್ಲೋ ಹುಡುಗಿಯ ಅಪ್ಪ

ಎಲ್ಲರಿಗೂ ನಮಸ್ಕಾರ. ನಾವಿರುವುದು ಅಮೆರಿಕದಲ್ಲಿ. ಮಗಳು ಈ ವರ್ಷ ಹೈಸ್ಕೂಲ್ ಮುಗಿಸುತ್ತಾಳೆ, ಮುಂದೆ ಚೆಲ್ಲೋ (ಪಿಟೀಲಿನ ಜಾತಿಯ ದೊಡ್ಡ ತಂತಿವಾದ್ಯ) ಓದುತ್ತೇನೆ ಎಂದು ಹಟ ಹಿಡಿದಿದ್ದಾಳೆ. ಡಿಸೆಂಬರ್ ಆರಂಭದಲ್ಲಿ ಕಳಿಸಿದ ರೆಕಾರ್ಡಿಂಗ್‌ಗಳನ್ನು ಕೇಳಿ ಕೆಲವು ಸಂಗೀತ ಶಾಲೆಗಳು ಎದುರಿಗೆ ಬಂದು ನುಡಿಸಲು, ಅಂದರೆ ಆಡಿಷನ್‌ಗೆ, ಕರೆದಿವೆ. ಜನವರಿ ಕೊನೆಯಿಂದ ಫೆಬ್ರುವರಿ ಮುಗಿಯುವವರೆಗೆ ಕ್ಲೀವ್‌ಲ್ಯಾಂಡ್, ರಾಚೆಸ್ಟರ್, ಬಾಸ್ಟನ್ ಎಂದು ಓಡಾಟವಿದೆ. ನಮ್ಮಲ್ಲಿಂದ ಕಾರಿನಲ್ಲಿ ಹೋಗುವಷ್ಟು ಹತ್ತಿರ ಯಾವುದೂ ಇಲ್ಲ.

ಚೆಲ್ಲೋಗೂ ಒಂದು ಸೀಟು ಕೊಳ್ಳೋಣ ಎನ್ನುತ್ತಾಳೆ ನನ್ನ ಹೆಂಡತಿ. ಮರದ ಪೆಟ್ಟಿಗೆಗೆ ಪೂರ್ತಿ ಟಿಕೆಟ್ ದುಡ್ಡು ಸುರಿಯುವುದು ಹುಚ್ಚುತನ, ಗಟ್ಟಿ ಕೇಸಿನಲ್ಲಿಟ್ಟು ಲಗೇಜಿಗೆ ಹಾಕಿ ಎನ್ನುತ್ತಾರೆ ನನ್ನ ಭಾವ. ಇಬ್ಬರೂ ತಮ್ಮ ಮಾತಿಗೆ ಅಂಟಿಕೊಂಡಿದ್ದಾರೆ. ಅನುಭವ ಇರುವವರು ಹೇಳಿ.

ಮಂದ್ರ

ನಾನು ಚೆಲ್ಲೋ ಕಲಿಸುತ್ತೇನೆ. ಪ್ರತಿ ಚಳಿಗಾಲದಲ್ಲೂ ನನ್ನ ವಿದ್ಯಾರ್ಥಿಗಳಲ್ಲಿ ಒಬ್ಬರಾದರೂ ಈ ಸುತ್ತಾಟದಲ್ಲಿ ಇರುತ್ತಾರೆ. ನಿಮ್ಮ ಹೆಂಡತಿಯವರ ಮಾತೇ ಸರಿ. ಆದರೆ ಸೀಟು ಕೊಂಡ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ನೀವು ಯಾವ ವಿಮಾನ ಹತ್ತುತ್ತೀರಿ ಎಂಬುದೇ ಮುಖ್ಯ. ಎಲ್ಲರೂ ಬೆಲೆ, ಸಮಯ ನೋಡಿ ಟಿಕೆಟ್ ಮಾಡುತ್ತಾರೆ. ವಾದ್ಯವಿರುವವರು ಮೊದಲು ನೋಡಬೇಕಾದದ್ದು ಪ್ರತಿ ಹಂತದಲ್ಲಿ ಹಾರುವ ವಿಮಾನ ಯಾವುದು ಎಂಬುದನ್ನು. ಬುಕಿಂಗ್ ಪುಟದಲ್ಲಿ "ವಿವರ" ಎಂಬಲ್ಲಿ ಒತ್ತಿದರೆ ಅದು ಕಾಣುತ್ತದೆ. ದೊಡ್ಡ ಊರಿನಿಂದ ದೊಡ್ಡ ಊರಿಗೆ ಏರ್‌ಬಸ್ 320 ಅಥವಾ ಬೋಯಿಂಗ್ 737 ಇರುತ್ತದೆ, ಏನೂ ತೊಂದರೆಯಿಲ್ಲ. ಶಾಲೆ ಇರುವ ಚಿಕ್ಕ ಊರಿಗೆ ಹೋಗುವ ಕೊನೆಯ ಮುಕ್ಕಾಲು ಗಂಟೆಯ ಹಾರಾಟಕ್ಕೆ ಮಾತ್ರ ಐವತ್ತು ಸೀಟಿನ ಸಿಆರ್‌ಜೆ-200 ಅಥವಾ ಎಂಬ್ರೇಯರ್ 145 ಬಂದು ನಿಂತಿರುತ್ತದೆ. ಅದರಲ್ಲಿ ಸಾಮಾನ್ಯ ಗಾಲಿ ಸೂಟ್‌ಕೇಸೇ ಮೇಲಿನ ಗೂಡಿಗೆ ಹಿಡಿಸುವುದಿಲ್ಲ. ಎಂಬ್ರೇಯರ್ 145ರಲ್ಲಿ ಮೇಲಿನ ಗೂಡು ಇರುವುದೇ ಒಂದು ಬದಿಗೆ. ಪಿಟೀಲಿನವರು ಪೇಚಿಗೆ ಸಿಲುಕುವುದು ಅಲ್ಲಿ. ಇಂಥ ವಿಮಾನದಲ್ಲಿ ಚೆಲ್ಲೋವನ್ನು ಸೀಟಿನಲ್ಲಿ ಕೂರಿಸಬಹುದೇ ಎಂದು ವಿಮಾನ ಸಂಸ್ಥೆಯನ್ನು ಮೊದಲೇ ಕೇಳಿ ತಿಳಿದುಕೊಳ್ಳಬೇಕು.

ಇನ್ನು ಸೀಟು ಕೊಳ್ಳುವ ರೀತಿ. ಜಾಲತಾಣದಲ್ಲಿ ಇಬ್ಬರು ಪ್ರಯಾಣಿಕರು ಎಂದು ತುಂಬಿ ಕೊಳ್ಳಬೇಡಿ. ಅದು ಚೆಲ್ಲೋದ ಹುಟ್ಟಿದ ದಿನಾಂಕ, ಗಂಡೋ ಹೆಣ್ಣೋ ಎಂಬುದನ್ನೆಲ್ಲ ಕೇಳುತ್ತದೆ. ನೀವು ಏನಾದರೂ ತುಂಬಿದರೆ ಭದ್ರತಾ ಪರಿಶೀಲನೆಯ ಪಟ್ಟಿಯಲ್ಲಿ ಇಲ್ಲದ ಮನುಷ್ಯನೊಬ್ಬ ಹುಟ್ಟಿಕೊಳ್ಳುತ್ತಾನೆ. ಸಂಸ್ಥೆಗೇ ಫೋನ್ ಮಾಡಿ "ಕ್ಯಾಬಿನ್ ಬ್ಯಾಗೇಜ್‌ಗೆ ಸೀಟು ಬೇಕು, ವಾದ್ಯ ಚೆಲ್ಲೋ" ಎಂದು ಹೇಳಿ. ಅವರ ವ್ಯವಸ್ಥೆಯಲ್ಲಿ ಅದಕ್ಕೆಂದೇ ಒಂದು ಸಂಕೇತವಿದೆ, ಸಿಬಿಬಿಜಿ. ಎರಡು ಸೀಟೂ ಒಂದೇ ಬುಕಿಂಗ್ ಸಂಖ್ಯೆಯಡಿ ಇರಲಿ. ಇಲ್ಲದಿದ್ದರೆ ಹಿಮಪಾತದಿಂದ ವಿಮಾನ ರದ್ದಾದಾಗ ಕಂಪ್ಯೂಟರ್ ನಿಮ್ಮ ಮಗಳನ್ನು ಸಂಜೆಯ ವಿಮಾನಕ್ಕೆ ಹಾಕಿ, ಚೆಲ್ಲೋವನ್ನು ಮರೆತುಬಿಡುತ್ತದೆ. ಫೆಬ್ರುವರಿಯಲ್ಲಿ ಇದು ಅಪರೂಪವೇನಲ್ಲ.

ತಾರಸ್ಥಾಯಿ

ನಾನು ಪಿಟೀಲಿನ ವಿದ್ಯಾರ್ಥಿನಿ, ಕಳೆದ ವರ್ಷವಷ್ಟೇ ಈ ಘಟ್ಟ ದಾಟಿದ್ದೇನೆ. ಮಂದ್ರ ಸರ್ ಹೇಳಿದ ಸಣ್ಣ ವಿಮಾನದ ಮಾತು ನೂರಕ್ಕೆ ನೂರು ನಿಜ. ಉದ್ದ ಚೌಕದ ಕೇಸಿನ ಬದಲು ಪಿಟೀಲಿನ ಆಕಾರದ ಸಪೂರ ಕೇಸನ್ನು ಒಂದು ತಿಂಗಳ ಮಟ್ಟಿಗೆ ಎರವಲು ಪಡೆದಿದ್ದೆ. ಚೌಕದ ಕೇಸು ಹಿಡಿಸದ ಗೂಡಿನಲ್ಲಿ ಅದು ಓರೆಯಾಗಿ ಕೂರುತ್ತಿತ್ತು.

ಅಪ್ಪ ಸರ್, ಆ್ಯಪ್‌ನಲ್ಲಿ ಚೆಕ್-ಇನ್ ಆಗಲಿಲ್ಲ ಎಂದು ಗಾಬರಿಯಾಗಬೇಡಿ. ಸೀಟು ಕೊಂಡ ವಾದ್ಯವಿದ್ದರೆ ಬಹುಪಾಲು ಕೌಂಟರಿಗೇ ಹೋಗಬೇಕಾಗುತ್ತದೆ. ವಾದ್ಯಕ್ಕೂ ಬೋರ್ಡಿಂಗ್ ಪಾಸ್ ಕೊಡುತ್ತಾರೆ. ಆ ಎರಡು ಚೀಟಿಯೂ ಕೈಯಲ್ಲಿರಲಿ.

ಲೆಕ್ಕಾಚಾರ

ನಾನು ಭಾವನವರ ಪಕ್ಷ. ಗಟ್ಟಿ ಫ್ಲೈಟ್ ಕೇಸ್ ಬಾಡಿಗೆಗೆ ಸಿಗುತ್ತದೆ. ನನ್ನ ಮಗನ ಚೆಲ್ಲೋ ಹಾಗೆಯೇ ಹೋಗಿ ಬಂದಿದೆ, ಒಂದು ಗೀರೂ ಆಗಿಲ್ಲ. ಸೀಟಿನ ದುಡ್ಡು ಉಳಿಯಿತು. ಎಲ್ಲರೂ ಹೆದರಿಸುವಷ್ಟು ಭಯಂಕರವೇನಲ್ಲ. ನಿಯಮವೂ ನಮ್ಮ ಪರವಾಗಿಯೇ ಇದೆಯಲ್ಲ, ವಾದ್ಯವನ್ನು ತೆಗೆದುಕೊಳ್ಳಲೇಬೇಕು ಎಂದು?

ಗೇಟ್ ಬಳಿಯವನು

ಆ ನಿಯಮದ ಬಗ್ಗೆ ಪೂರ್ತಿ ಹೇಳುತ್ತೇನೆ. ನನ್ನ ಕೆಲಸವೇ ವಿಮಾನ ನಿಲ್ದಾಣದ ಗೇಟಿನಲ್ಲಿ. ಪ್ರತಿ ಫೆಬ್ರುವರಿಯಲ್ಲಿ ಅರ್ಧ ನಿಯಮ ಓದಿಕೊಂಡು ಬಂದವರ ಜೊತೆ ಮಾತಾಡಿ ಸಾಕಾಗಿದೆ.

2012ರ ಕಾಯ್ದೆಯ ಮೇಲೆ ಅಮೆರಿಕದ ಸಾರಿಗೆ ಇಲಾಖೆ ಮಾಡಿದ ನಿಯಮ 2015ರ ಮಾರ್ಚ್ 6ರಿಂದ ಜಾರಿಯಲ್ಲಿದೆ. ಅದರಲ್ಲಿ ಮೂರು ಬಗೆಯ ವಾದ್ಯಗಳಿವೆ. ಪಿಟೀಲು, ಗಿಟಾರಿನಂಥವು ಮೇಲಿನ ಗೂಡಿನಲ್ಲೋ ಮುಂದಿನ ಸೀಟಿನ ಕೆಳಗೋ ಸುರಕ್ಷಿತವಾಗಿ ಹಿಡಿಸಿದರೆ ಕೈಚೀಲದ ಬದಲಿಗೆ ಒಯ್ಯಬಹುದು, ವಾದ್ಯವೆಂಬ ಕಾರಣಕ್ಕೆ ಹೆಚ್ಚುವರಿ ಶುಲ್ಕ ಹಾಕುವಂತಿಲ್ಲ. ಆದರೆ "ಹತ್ತುವ ಹೊತ್ತಿಗೆ ಜಾಗವಿದ್ದರೆ" ಎಂಬ ಮಾತು ಅದರಲ್ಲಿದೆ. ಕೊನೆಯಲ್ಲಿ ಬಂದು ನಿಯಮದ ಪ್ರತಿ ತೋರಿಸಿದರೆ ಜಾಗ ಹುಟ್ಟುವುದಿಲ್ಲ. ಮೊದಲೇ ಹತ್ತಿ ಗೂಡಿನಲ್ಲಿಟ್ಟ ಪಿಟೀಲನ್ನು, ಇನ್ನೊಬ್ಬರ ಸೂಟ್‌ಕೇಸಿಗಾಗಿ ಕೆಳಗಿಳಿಸಿ ಎಂದು ನಾವು ಹೇಳುವಂತೆಯೂ ಇಲ್ಲ. ಅಂದರೆ ಸರದಿಯಲ್ಲಿ ಮುಂದಿರುವವರದೇ ಹಕ್ಕು. ಹಾಗಾಗಿ ಬೇಗ ಹತ್ತುವ ಗುಂಪಿನ ಟಿಕೆಟಿಗೆ ಸ್ವಲ್ಪ ಹೆಚ್ಚು ಕೊಟ್ಟರೆ ಅದು ವ್ಯರ್ಥವಲ್ಲ. ತೀರಾ ಅಗ್ಗದ ಟಿಕೆಟಿನವರು ಕೊನೆಯಲ್ಲಿ ಹತ್ತುತ್ತಾರೆ. ಕೆಲವು ಸಂಸ್ಥೆಗಳಲ್ಲಿ ಆ ಟಿಕೆಟಿಗೆ ಮೇಲಿನ ಗೂಡಿನ ಬಳಕೆಯೇ ಇರುವುದಿಲ್ಲ.

ಎರಡನೆಯದು ಚೆಲ್ಲೋನಂಥವು. ಸೀಟು ಕೊಂಡರೆ ಒಯ್ಯಬಹುದು. ಕೇಸೂ ಸೇರಿ 165 ಪೌಂಡ್ ಮೀರಬಾರದು, ಅಂದರೆ ಸುಮಾರು 75 ಕೆಜಿ. ಯಾವ ಚೆಲ್ಲೋವೂ ಅಷ್ಟು ಭಾರವಿರುವುದಿಲ್ಲ. ಆದರೆ ಅದು ತುರ್ತು ನಿರ್ಗಮನಕ್ಕಾಗಲಿ ನಡೆಯುವ ದಾರಿಗಾಗಲಿ ಅಡ್ಡ ಬರಬಾರದು, ಸೀಟ್ ಬೆಲ್ಟಿನ ದೀಪ ಯಾರಿಗೂ ಮರೆಯಾಗಬಾರದು. ಆದ್ದರಿಂದಲೇ ಸಾಮಾನ್ಯವಾಗಿ ಕಿಟಕಿಯ ಪಕ್ಕ ಕೂರಿಸುತ್ತಾರೆ. ತುರ್ತು ಬಾಗಿಲಿನ ಸಾಲಿನಲ್ಲಿ ಎಂದೂ ಅಲ್ಲ. ಬೆಲ್ಟ್ ಉದ್ದ ಮಾಡುವ ತುಂಡನ್ನು ಸಿಬ್ಬಂದಿಯಿಂದ ಕೇಳಿ ಪಡೆಯಿರಿ.

ಮೂರನೆಯದು ಲಗೇಜಿಗೆ ಹಾಕುವಂಥದು. ಉದ್ದ, ಅಗಲ, ಎತ್ತರ ಕೂಡಿಸಿ 150 ಇಂಚು, ತೂಕ 165 ಪೌಂಡ್‌ವರೆಗೆ ತೆಗೆದುಕೊಳ್ಳಬೇಕು, ವಿಮಾನದಲ್ಲಿ ಜಾಗವಿದ್ದರೆ. ಇದಕ್ಕೆ ಭಾರದ ಶುಲ್ಕ ಬೇರೆ.

ಲೆಕ್ಕಾಚಾರ ಅವರೇ, ತೆಗೆದುಕೊಳ್ಳಬೇಕು ಎಂದಿದೆಯೇ ಹೊರತು ಒಡೆಯದೆ ತಲುಪಿಸುತ್ತೇವೆ ಎಂದು ಎಲ್ಲಿಯೂ ಬರೆದಿಲ್ಲ. ಇನ್ನೊಂದು ಮಾತು, ಈ ನಿಯಮ ಅಮೆರಿಕದ ವಿಮಾನ ಸಂಸ್ಥೆಗಳಿಗೆ ಮಾತ್ರ. ವಿದೇಶಿ ಸಂಸ್ಥೆಯಲ್ಲಿ ಬರುವವರು ಆಯಾ ಸಂಸ್ಥೆಯ ಷರತ್ತನ್ನೇ ಓದಬೇಕು.

ಬಿರಡೆ

ವಾದ್ಯ ರಿಪೇರಿ ನನ್ನ ಕಸುಬು. ಲೆಕ್ಕಾಚಾರ ಅವರ ಚೆಲ್ಲೋ ಕ್ಷೇಮವಾಗಿ ಬಂದದ್ದು ಸಂತೋಷ. ಹಾಗೆ ಬಾರದವು ನನ್ನ ಮೇಜಿನ ಮೇಲೆ ಬರುತ್ತವೆ.

ಹೊರಗಿನಿಂದ ಕೇಸಿಗೆ ಏನೂ ಆಗಿರುವುದಿಲ್ಲ, ಒಳಗೆ ಕುತ್ತಿಗೆ ಮುರಿದಿರುತ್ತದೆ. ಕಾರಣ ಇಷ್ಟೇ. ಕೇಸು ಬೆನ್ನಡಿಯಾಗಿ ಬಿದ್ದಾಗ ವಾದ್ಯದ ಮೈ ನಿಲ್ಲುತ್ತದೆ, ತಲೆ ಮಾತ್ರ ಹಿಂದಕ್ಕೆ ಜಗ್ಗುತ್ತದೆ. ಕುತ್ತಿಗೆಯ ಕೆಳಗೆ ಗಟ್ಟಿ ಆಸರೆ ಇದ್ದು, ಸುರುಳಿ ತಲೆ ಕೇಸಿನ ತಳಕ್ಕೆ ತಾಗದಂತೆ ತೇಲುತ್ತಿರಬೇಕು. ಹೋಗುವ ಮುನ್ನ ಕೇಸಿನಲ್ಲಿ ವಾದ್ಯವಿಟ್ಟು ತಲೆಯ ಹಿಂದೆ ಬೆರಳು ತೂರಿಸಿ ನೋಡಿ. ಬೆರಳು ಆಡದಿದ್ದರೆ ಆ ಕೇಸು ಸರಿಯಿಲ್ಲ. ಮುಚ್ಚಳ ಹಾಕಿ, ಮೆಲ್ಲನೆ ಪಕ್ಕಕ್ಕೆ ವಾಲಿಸಿ ಕೇಳಿ. ಒಳಗೆ ಏನಾದರೂ ಸರಿದ ಸದ್ದಾದರೆ ಖಾಲಿ ಜಾಗಕ್ಕೆ ಮೆತ್ತನೆಯ ಬಟ್ಟೆ ತುಂಬಿ. ತಂತಿ ಕಟ್ಟುವ ಪಟ್ಟಿಯ ಕೆಳಗೂ ಒಂದು ಮಡಿಸಿದ ಬಟ್ಟೆ ಇರಲಿ, ತಂತಿಗಳನ್ನು ಎತ್ತಿ ಹಿಡಿಯುವ ಕುದುರೆ (ಬ್ರಿಡ್ಜ್) ಬಿದ್ದರೆ ಪಟ್ಟಿಯ ಲೋಹ ಮೇಲ್ಹಲಗೆಯನ್ನು ಕುಟ್ಟಬಾರದು.

ತಂತಿಯನ್ನು ಅರ್ಧ ಸ್ವರದಿಂದ ಒಂದು ಸ್ವರದಷ್ಟು ಇಳಿಸಿದರೆ ಸಾಕು. ಎಲ್ಲ ತಂತಿಯನ್ನೂ ಪೂರ್ತಿ ಸಡಿಲಿಸಿ ಎಂದು ಯಾರೋ ಹೇಳುತ್ತಾರೆ, ದಯವಿಟ್ಟು ಕೇಳಬೇಡಿ. ಒಳಗಿರುವ ಸೌಂಡ್ ಪೋಸ್ಟ್ ಅಂಟಿನಿಂದ ನಿಂತದ್ದಲ್ಲ, ಮೇಲೂ ಕೆಳಗೂ ಹಲಗೆಯ ಒತ್ತಡದಿಂದ ನಿಂತ ಸಣ್ಣ ಕಂಬ. ತಂತಿ ಪೂರ್ತಿ ಸಡಿಲಾದರೆ ಅದು ಬೀಳಬಹುದು. ಆಡಿಷನ್ ಹಿಂದಿನ ರಾತ್ರಿ ಪರಊರಿನಲ್ಲಿ ಅದನ್ನು ನಿಲ್ಲಿಸುವವರನ್ನು ಎಲ್ಲಿ ಹುಡುಕುತ್ತೀರಿ? ಕಮಾನಿನ ಕೂದಲನ್ನು ಮಾತ್ರ ಪೂರ್ತಿ ಸಡಿಲಿಸಿ.

ಒಣಹವೆಯನ್ನು ಯಾರೂ ಲೆಕ್ಕಕ್ಕೇ ಇಡುವುದಿಲ್ಲ. ಹಾರುತ್ತಿರುವ ವಿಮಾನದೊಳಗಿನ ಗಾಳಿಯಲ್ಲಿ ತೇವ ಶೇಕಡ 20ಕ್ಕಿಂತ ಕೆಳಗೆ ಇಳಿಯುತ್ತದೆ. ಚಳಿಗಾಲದಲ್ಲಿ ಹೀಟರ್ ಹಾಕಿದ ಹೋಟೆಲ್ ಕೋಣೆಯೂ ಏನು ಕಡಿಮೆಯಲ್ಲ. ಮರ ಕುಗ್ಗಿ ಬಿರಡೆಗಳು ಜಾರುತ್ತವೆ, ಅಂಚಿನ ಅಂಟು ಬಿಡುತ್ತದೆ. ಕೇಸಿನೊಳಗಿಡುವ ತೇವದ ಕೊಳವೆಯನ್ನು ಹಿಂಡಿ, ನೀರು ತೊಟ್ಟಿಕ್ಕದಂತೆ ಒರೆಸಿ ಇಡಿ. ಹೊರಗಿನ ಕೊರೆವ ಚಳಿಯಿಂದ ಕೋಣೆಗೆ ಬಂದ ಕೂಡಲೇ ಕೇಸು ತೆರೆಯಬೇಡಿ. ಮುಚ್ಚಿದ ಕೇಸು ಕೋಣೆಯ ಬಿಸಿಗೆ ನಿಧಾನವಾಗಿ ಹೊಂದಿಕೊಳ್ಳಲಿ.

ಲೆಕ್ಕಾಚಾರ

ಒಪ್ಪಿದೆ. ಆದರೆ ಎಲ್ಲರಿಗೂ ಎರಡು ಟಿಕೆಟಿನ ಶಕ್ತಿ ಇರುವುದಿಲ್ಲ ಎಂಬುದೂ ನಿಜವಲ್ಲವೇ? ಒಡೆದರೆ ವಿಮಾನ ಸಂಸ್ಥೆ ಪರಿಹಾರ ಕೊಡಬೇಕಲ್ಲ.

ಮಂದ್ರ

ಕೊಡುವುದಕ್ಕೆ ಮಿತಿಯಿದೆ. ಅಮೆರಿಕದೊಳಗಿನ ಹಾರಾಟದಲ್ಲಿ ಒಬ್ಬ ಪ್ರಯಾಣಿಕನ ಲಗೇಜಿಗೆ ಸಂಸ್ಥೆ ತನ್ನ ಹೊಣೆಯನ್ನು 4,700 ಡಾಲರಿಗೆ ಸೀಮಿತಗೊಳಿಸಿಕೊಳ್ಳಬಹುದು. 2025ರ ಜನವರಿಯವರೆಗೆ ಅದು 3,800 ಇತ್ತು. ದೇಶದಿಂದ ದೇಶಕ್ಕೆ ಹಾರಿದರೆ ಮಾಂಟ್ರಿಯಲ್ ಒಪ್ಪಂದ ಅನ್ವಯಿಸುತ್ತದೆ, ಅಲ್ಲಿ ಮಿತಿ 1,519 ಎಸ್‌ಡಿಆರ್ (ಅಂತರರಾಷ್ಟ್ರೀಯ ಹಣಕಾಸು ನಿಧಿ ಬಳಸುವ ಲೆಕ್ಕದ ಏಕಮಾನ). ಕಾಲೇಜಿಗೆ ಹೋಗುವ ವಿದ್ಯಾರ್ಥಿಯ ಚೆಲ್ಲೋ, ಕಮಾನು ಎರಡರ ಬೆಲೆ ಇದನ್ನು ಸುಲಭವಾಗಿ ದಾಟುತ್ತದೆ. ಮನೆಯ ವಿಮೆ ಸಾಕು ಎಂದುಕೊಳ್ಳದೆ ವಾದ್ಯಕ್ಕೇ ಪ್ರತ್ಯೇಕ ವಿಮೆ ಮಾಡಿಸಿ, ಹೊರಡುವ ಮೊದಲು ಎಲ್ಲ ಕೋನದಿಂದ ಫೋಟೋ ತೆಗೆದಿಡಿ. ಬಾಡಿಗೆ ವಾದ್ಯವಾದರೆ ಕೊಟ್ಟವರ ವಿಮೆ ಪ್ರಯಾಣಕ್ಕೂ ಅನ್ವಯಿಸುತ್ತದೆಯೇ ಎಂದು ಬರಹದಲ್ಲಿ ಕೇಳಿ.

ಇಷ್ಟರ ಮೇಲೆ, ಪರಿಹಾರ ಬಂದರೂ ಆಡಿಷನ್ ದಿನ ಬೆಳಿಗ್ಗೆ ನುಡಿಸುವುದು ಯಾವುದನ್ನು? ದುಡ್ಡಿನ ಪ್ರಶ್ನೆ ನಿಜವಾದದ್ದೇ, ನಾನು ಅಲ್ಲಗಳೆಯುವುದಿಲ್ಲ. ಆದರೆ ಅದಕ್ಕೆ ಉತ್ತರ ವಾದ್ಯವನ್ನು ಲಗೇಜಿಗೆ ಹಾಕುವುದಲ್ಲ, ಹಾರಾಟಗಳನ್ನು ಕಡಿಮೆ ಮಾಡುವುದು. ಅನೇಕ ಶಾಲೆಗಳು ಕೊನೆಯ ಸುತ್ತಿಗೂ ವೀಡಿಯೊ ಒಪ್ಪುತ್ತವೆ. ಮನಸ್ಸಿಗೆ ತೀರಾ ಹತ್ತಿರವಾದ ಒಂದೆರಡು ಶಾಲೆಗೆ ಮಾತ್ರ ಖುದ್ದಾಗಿ ಹೋಗಿ, ಅಲ್ಲಿಯ ಗುರುಗಳ ಬಳಿ ಒಂದು ಪಾಠ ಕೇಳಿಕೊಂಡು ಬರಲಿ.

ಗೇಟ್ ಬಳಿಯವನು

ಲಗೇಜಿನ ಬಗ್ಗೆ ಬಂದ ಮಾತಿಗೆ ಒಂದು ಸೇರಿಸುತ್ತೇನೆ. ಗೇಟಿನಲ್ಲಿ ಚೀಟಿ ಕಟ್ಟಿ ವಾದ್ಯವನ್ನು ಕೆಳಗೆ ಕಳಿಸುತ್ತೇವೆ ಎಂದರೆ, ಎಲ್ಲಿ ವಾಪಸ್ ಕೊಡುತ್ತೀರಿ ಎಂದು ಕೇಳಿ. ಎರಡು ಬಗೆಯ ಚೀಟಿಗಳಿವೆ. ಒಂದರಲ್ಲಿ ವಿಮಾನದ ಬಾಗಿಲಲ್ಲೇ ನಿಮ್ಮ ಕೈಗೆ ಬರುತ್ತದೆ, ಇನ್ನೊಂದರಲ್ಲಿ ಲಗೇಜ್ ಬೆಲ್ಟಿಗೆ ಹೋಗುತ್ತದೆ. ಮೊದಲನೆಯದನ್ನೇ ಕಟ್ಟಿಸಿಕೊಳ್ಳಿ. ಕೋಟು ನೇತುಹಾಕುವ ಬೀರು ವಿಮಾನದಲ್ಲಿದೆಯೇ ಎಂದು ವಿನಯದಿಂದ ಕೇಳುವುದರಲ್ಲಿ ತಪ್ಪಿಲ್ಲ. ಎಷ್ಟೋ ಗಿಟಾರುಗಳು ಅಲ್ಲಿ ಪ್ರಯಾಣ ಮಾಡಿವೆ. ಜಗಳ ತೆಗೆದವರಿಗೆ ಆ ಬೀರು ಯಾವಾಗಲೂ ತುಂಬಿರುತ್ತದೆ.

ಕರಿಮರ

ತಂತಿವಾದ್ಯದವರ ನಡುವೆ ಊದುವವನೊಬ್ಬನ ಮಾತು. ಕ್ಲಾರಿನೆಟ್ ಗಾತ್ರದಲ್ಲಿ ತೊಂದರೆ ಕೊಡುವುದಿಲ್ಲ, ಕೊಡುವುದು ಚಳಿ. ತಣ್ಣಗಿರುವ ಮರದೊಳಗೆ ಬಿಸಿ ಉಸಿರು ನುಗ್ಗಿದರೆ ಒಳಗಿನ ಪದರ ಹಿಗ್ಗಿ ಹೊರಗಿನದು ಹಾಗೇ ಇದ್ದು ಬಿರುಕು ಬಿಡುತ್ತದೆ. ಮೇಲಿನ ತುಂಡನ್ನು ಕೋಟಿನೊಳಗೆ, ಅಂಗೈಯಲ್ಲಿ ಬೆಚ್ಚಗೆ ಮಾಡಿಕೊಂಡೇ ಊದಬೇಕು. ಓಬೋದವರು ರೀಡ್ (ಊದುವ ತುದಿಯಲ್ಲಿ ಕಂಪಿಸುವ ತೆಳು ಸೀಳು) ಕೆತ್ತುವ ಚಾಕುವನ್ನು ಕೈಚೀಲದಲ್ಲಿಟ್ಟರೆ ಭದ್ರತಾ ತಪಾಸಣೆಯಲ್ಲಿ ಅದು ಹೋಯಿತೆಂದೇ ಲೆಕ್ಕ. ಚಾಕು ಲಗೇಜಿಗೆ, ರೀಡುಗಳು ಕೈಯಲ್ಲಿ. ಲಗೇಜ್ ಕಳೆದುಹೋದರೂ ನುಡಿಸುವಷ್ಟು ರೀಡ್ ಕೆತ್ತಿ ಸಿದ್ಧವಿರಲಿ. ಬಸೂನಿನವರು ಬೋಕಲ್ ಅನ್ನು (ರೀಡ್ ಸಿಕ್ಕಿಸುವ ಬಾಗಿದ ಲೋಹದ ಕೊಳವೆ) ಕೈಚೀಲದಿಂದ ಹೊರಗೆ ಬಿಡಲೇಬಾರದು.

ಕ್ಯಾಬಿನ್ ಒತ್ತಡ 2,400 ಮೀಟರ್ ಎತ್ತರದ ಬೆಟ್ಟದ ಮೇಲಿದ್ದಷ್ಟು ಇಳಿಯಬಹುದು. ವಾದ್ಯಕ್ಕೆ ಹಾಕುವ ಎಣ್ಣೆಯ ಬಾಟಲಿಗಳು ಸೋರುವುದು ಇದರಿಂದಲೇ. ಬಿಗಿಯಾಗಿ ಮುಚ್ಚಿ, ಬೇರೆ ಚೀಲದಲ್ಲಿಡಿ.

ಚೆಲ್ಲೋ ಹುಡುಗಿಯ ಅಪ್ಪ

ಎಲ್ಲರಿಗೂ ಧನ್ಯವಾದ. ಭಾವನವರಿಗೆ ಈ ಚರ್ಚೆ ಕಳಿಸಿದೆ, ಬಿರಡೆಯವರು ಬರೆದದ್ದನ್ನು ಓದಿ ಸುಮ್ಮನಾಗಿದ್ದಾರೆ. ಇನ್ನೆರಡು ಅನುಮಾನ. ಚೆಲ್ಲೋದ ಕೆಳಗಿನ ಚೂಪು ಸರಳಿಗೆ ತಪಾಸಣೆಯಲ್ಲಿ ಅಡ್ಡಿ ಮಾಡುತ್ತಾರೆಯೇ? ಆಮೇಲೆ, ಮಾಂಟ್ರಿಯಲ್‌ನ ಒಂದು ಶಾಲೆಯೂ ಮಗಳ ಪಟ್ಟಿಯಲ್ಲಿದೆ. ಗಡಿ ದಾಟಲು ವಾದ್ಯಕ್ಕೆ ಕಾಗದ ಬೇಕೇ?

ಬಿರಡೆ

ಸರಳನ್ನು ಪೂರ್ತಿ ಒಳಗೆ ತಳ್ಳಿ ತಿರುಪು ಬಿಗಿ ಮಾಡಿ, ತುದಿಗೆ ರಬ್ಬರ್ ಟೋಪಿ ಹಾಕಿ. ಸಾಮಾನ್ಯವಾಗಿ ಯಾರೂ ಕೇಳುವುದಿಲ್ಲ. ತಪಾಸಣೆಯವರು ಕೇಸು ತೆರೆಯಬೇಕೆಂದರೆ ತೆರೆಯುವುದು ನಿಮ್ಮ ಮಗಳೇ ಇರಲಿ ಎಂದು ಕೇಳಿಕೊಳ್ಳಿ.

ಗಡಿಯ ಪ್ರಶ್ನೆ ಕಮಾನಿನದು. ಕಮಾನಿನ ತುದಿಯಲ್ಲಿರುವ ಬಿಳಿ ತಗಡು ಆನೆದಂತವೋ, ಮೂಳೆಯೋ, ಪ್ಲಾಸ್ಟಿಕ್ಕೋ ಎಂಬುದನ್ನು ತಿಳಿದವರಿಂದ ಬರಹದಲ್ಲಿ ಪಡೆಯಿರಿ. ದಂತ ಅಥವಾ ಆಮೆ ಚಿಪ್ಪಾದರೆ ಅಳಿವಿನಂಚಿನ ಜೀವಿಗಳ ಸೈಟ್ಸ್ ಒಪ್ಪಂದದಡಿ ಪ್ರಮಾಣಪತ್ರ ಬೇಕು. ಆಫ್ರಿಕದ ಆನೆದಂತವಾದರೆ 1976ರ ಫೆಬ್ರುವರಿ 26ಕ್ಕಿಂತ ಮೊದಲಿನದು ಎಂಬ ದಾಖಲೆಯನ್ನೂ ಕೇಳುತ್ತಾರೆ. ವಾದ್ಯಕ್ಕೆಂದೇ ಕೊಡುವ ಪ್ರಮಾಣಪತ್ರ ಮೂರು ವರ್ಷದವರೆಗೆ ನಡೆಯುತ್ತದೆ, ಆದರೆ ಕೈಗೆ ಬರಲು ಸಮಯ ಹಿಡಿಯುತ್ತದೆ. ಈಗ ಅರ್ಜಿ ಹಾಕಿದರೆ ಫೆಬ್ರುವರಿಗೆ ಸಿಗುವ ಭರವಸೆ ಇಟ್ಟುಕೊಳ್ಳಬೇಡಿ. ಅನುಮಾನವಿದ್ದರೆ ಗಡಿ ದಾಟುವ ಆ ಒಂದು ಪ್ರಯಾಣಕ್ಕೆ ಕಾರ್ಬನ್ ಫೈಬರ್ ಕಮಾನು ಎರವಲು ತನ್ನಿ, ಇಂದಿನಿಂದಲೇ ಅದರಲ್ಲಿ ಅಭ್ಯಾಸ ಮಾಡಿಸಿ.

ಗಿಟಾರಿನವರು ಓದುತ್ತಿದ್ದರೆ: ಹಳೆಯ ಬ್ರೆಜಿಲಿಯನ್ ರೋಸ್‌ವುಡ್ ಮರ 1992ರಿಂದ ಅತಿ ಕಟ್ಟುನಿಟ್ಟಿನ ಪಟ್ಟಿಯಲ್ಲಿದೆ, ಅದಕ್ಕೂ ಕಾಗದ ಬೇಕು. ಉಳಿದ ರೋಸ್‌ವುಡ್‌ಗಳಿಂದ, ಕ್ಲಾರಿನೆಟ್‌ನ ಕರಿಮರದಿಂದ ಮಾಡಿದ ಸಿದ್ಧ ವಾದ್ಯಗಳಿಗೆ 2019ರ ನವೆಂಬರಿನಿಂದ ವಿನಾಯಿತಿ ಇದೆ.

ಷಡ್ಜ

ನನ್ನ ತಮ್ಮ ಡಬಲ್ ಬಾಸ್ ನುಡಿಸುತ್ತಾನೆ. ಅವನಿಗೆ ಎಷ್ಟು ಸೀಟು ಕೊಳ್ಳಬೇಕು?

ಮಂದ್ರ

ಸೀಟೂ ಬೇಡ, ಲಗೇಜೂ ಬೇಡ. ಆ ಪೆಟ್ಟಿಗೆ ಸಣ್ಣ ವಿಮಾನದ ಸರಕಿನ ಬಾಗಿಲಿನಲ್ಲೇ ಹಿಡಿಸುವುದಿಲ್ಲ. ಶಾಲೆಯ ಪ್ರವೇಶ ಕಚೇರಿಗೆ ಬರೆದು ಅಲ್ಲಿಯ ಬಾಸ್ ಒಂದನ್ನು ಕೇಳಿ, ಬಹಳಷ್ಟು ಶಾಲೆಗಳು ಒದಗಿಸುತ್ತವೆ. ಹಾರ್ಪ್‌ನವರೂ ಹೀಗೆಯೇ ಮಾಡುವುದು. ತಮ್ಮ ತನ್ನ ಕಮಾನು ಮಾತ್ರ ಒಯ್ಯಲಿ. ಹಿಂದಿನ ದಿನ ಒಂದೆರಡು ಗಂಟೆ ಆ ವಾದ್ಯದ ಜೊತೆ ಕೂರಲು ಅವಕಾಶ ಕೇಳಲಿ. ಪ್ರತಿ ಬಾಸಿನಲ್ಲೂ ತಂತಿಯ ಉದ್ದ ಬೇರೆ, ಬೆರಳಿಗೆ ಸ್ವರದ ಜಾಗ ಸಿಗಲು ಅಷ್ಟು ಹೊತ್ತು ಬೇಕೇ ಬೇಕು.

ಚೆಲ್ಲೋ ಹುಡುಗಿಯ ಅಪ್ಪ

ಮಂದ್ರ ಸರ್, ನೀವು ಹೇಳಿದಂತೆ ವಿಮಾನಗಳ ಹೆಸರು ನೋಡುತ್ತಾ ಕುಳಿತೆ. ಕ್ಲೀವ್‌ಲ್ಯಾಂಡಿಗೆ ನೇರ ವಿಮಾನ, 737. ರಾಚೆಸ್ಟರಿಗೆ ಮಾತ್ರ ಎಲ್ಲಿಂದ ಹೋದರೂ ಕೊನೆಯಲ್ಲಿ ಚಿಕ್ಕ ವಿಮಾನ. ಎರಡೂ ಆಡಿಷನ್ ಒಂದೇ ವಾರದಲ್ಲಿವೆ. ಕ್ಲೀವ್‌ಲ್ಯಾಂಡಿನಲ್ಲಿ ಇಳಿದು ಮುಗಿಸಿಕೊಂಡು, ಬಾಡಿಗೆ ಕಾರಿನಲ್ಲಿ ರಾಚೆಸ್ಟರಿಗೆ ಹೋದರೆ ಹೇಗೆ? ನಾಲ್ಕು ಗಂಟೆಯ ದಾರಿ ಎಂದು ತೋರಿಸುತ್ತಿದೆ.

ಮಂದ್ರ

ಒಳ್ಳೆಯ ಯೋಚನೆ. ಒಂದು ಹಾರಾಟ ತಪ್ಪಿತು, ಒಂದು ಸೀಟಿನ ದುಡ್ಡೂ ಉಳಿಯಿತು. ಆದರೆ ಆ ನಾಲ್ಕು ಗಂಟೆ ಬೇಸಿಗೆಯ ಲೆಕ್ಕ. ಹೆದ್ದಾರಿ 90 ಇರೀ ಸರೋವರದ ಅಂಚಿನಲ್ಲೇ ಬಫಲೋ ದಾಟಿ ಹೋಗುತ್ತದೆ. ಸರೋವರ ಹೆಪ್ಪುಗಟ್ಟದಿದ್ದಾಗ ಅದರ ಮೇಲಿಂದ ಬರುವ ತಣ್ಣನೆಯ ಗಾಳಿ ತೇವ ಹೀರಿಕೊಂಡು ಆ ದಂಡೆಯ ಮೇಲೆ ಅಡಿಗಟ್ಟಲೆ ಹಿಮ ಸುರಿಯುತ್ತದೆ, ಹೆದ್ದಾರಿಯನ್ನೇ ಮುಚ್ಚುವ ದಿನಗಳೂ ಇರುತ್ತವೆ. ಆಡಿಷನ್ನಿಗೆ ಒಂದು ದಿನ ಮೊದಲೇ ಹೊರಡಿ, ಬೆಳಕಿರುವಾಗಲೇ ದಾರಿ ಸವೆಸಿ. ಕ್ಲೀವ್‌ಲ್ಯಾಂಡಿಗೆ ಹಾರುವುದೂ ಬೆಳಗಿನ ವಿಮಾನದಲ್ಲೇ ಆಗಲಿ. ಅದು ರದ್ದಾದರೆ ಆ ದಿನದ ಉಳಿದ ವಿಮಾನಗಳಾದರೂ ಇರುತ್ತವೆ.

ಬಿರಡೆ

ಬಾಡಿಗೆಗೆ ಕಾರು ಹೇಳುವಾಗ ಹಿಂದಿನ ಸೀಟಿನಲ್ಲಿ ಕೇಸು ಅಡ್ಡಲಾಗಿ ಮಲಗುವಷ್ಟು ದೊಡ್ಡದನ್ನೇ ಕೇಳಿ. ದಾರಿಯಲ್ಲಿ ಊಟಕ್ಕೆ ನಿಂತರೆ ಚೆಲ್ಲೋವನ್ನೂ ಒಳಗೆ ಒಯ್ಯಿರಿ, ರಾತ್ರಿ ಕಾರಿನಲ್ಲಿ ಬಿಡಲೇಬೇಡಿ. ಕೋಣೆಯಲ್ಲಿ ಹೀಟರಿನ ಎದುರಿಗೆ ಬೇಡ, ಗೋಡೆಗೆ ಒರಗಿಸದೆ ಮಲಗಿಸಿಡಿ.